ನಿನ್ನೆ ಕೇಳುವ ಬಾಗಿಲು

ನಮ್ಮೂರಿನ ಬಾಗಿಲುಗಳಿಗೆ ಬೀಗವಿಲ್ಲ. ಹೊರಗಿನಿಂದ ಬಂದವರು ಹೊಸ್ತಿಲ ಮುಂದೆ ನಿಂತು, ಆ ಮನೆಯೊಳಗೆ ನಿನ್ನೆ ನಡೆದ ಏನಾದರೊಂದು ಸಂಗತಿಯನ್ನು ಬಾಗಿಲಿಗೆ ಹೇಳಬೇಕು. ನಿಜವಾದರೆ ತೆರೆಯುತ್ತದೆ, ಸುಳ್ಳಾದರೆ ಇಲ್ಲ. ‘ಅನ್ನ ಮಾಡಿದೆ’ ಅಂದರೆ ಅಲುಗಾಡುವುದಿಲ್ಲ, ದಿನಾ ಆಗುವಂಥದ್ದು ಅದಕ್ಕೆ ಬೇಡ. ‘ಅನ್ನ ತಳ ಹಿಡಿಯಿತು’ ಅಂದರೆ ತೆರೆಯುತ್ತದೆ. ಚೀಟಿಯಲ್ಲಿ ಬರೆದುಕೊಂಡು ಓದಿದರೂ ನಡೆಯುವುದಿಲ್ಲ. ಹಾಗಾಗಿ ನಮ್ಮೂರಲ್ಲಿ ಸಂಜೆಯಾದರೆ ಬೀದಿಯುದ್ದಕ್ಕೂ ಜನ ಬಾಗಿಲಿಗೆ ಬಾಯಿ ಹಚ್ಚಿ ಪಿಸುಗುಡುತ್ತಿರುತ್ತಾರೆ. ಏನೂ ನಡೆಯದ ಮನೆಯವರು ಮಲಗುವ ಮುಂಚೆ ಬೇಕೆಂದೇ ಒಂದು ಲೋಟ ಬೀಳಿಸುತ್ತಾರೆ, ಇಲ್ಲವೇ ಗಂಡನ ಮೀಸೆಯನ್ನು ಆಡಿಕೊಂಡು ಒಂದು ಸಣ್ಣ ಜಗಳ ತೆಗೆಯುತ್ತಾರೆ. ಮದುವೆಗೆ ಪರವೂರಿಗೆ ಹೋಗುವಾಗ ಮನೆಯಲ್ಲಿ ಒಬ್ಬರನ್ನಾದರೂ ಬಿಟ್ಟೇ ಹೋಗಬೇಕು. ಇಲ್ಲದಿದ್ದರೆ ಬಂದಮೇಲೆ ಹೆಂಚು ತೆಗೆದು ಇಳಿಯಬೇಕು.

ಬಾಗಿಲಿಗೆ ಯಾರು ಹೇಳಿದರು ಅನ್ನುವುದು ಮುಖ್ಯವಲ್ಲ. ನಿನ್ನೆ ಒಳಗಿದ್ದವರು ಹೇಳಿದರೂ ಸರಿ, ಅವರ ಬಾಯಿಂದ ಕೇಳಿಸಿಕೊಂಡವರು ಹೇಳಿದರೂ ಸರಿ. ಅಂದರೆ ನೀವು ಯಾರನ್ನಾದರೂ ಊಟಕ್ಕೆ ಕರೆದರೆ ನಾಳೆ ಒಂದು ದಿನದ ಮಟ್ಟಿಗೆ ನಿಮ್ಮ ಮನೆಯನ್ನು ಅವರ ಬಾಯಿಗೆ ಕೊಟ್ಟ ಹಾಗೆ. ಮೇಲುಬೀದಿಯವರು ನಮ್ಮ ಕೆಳಗೇರಿಯವರನ್ನು ಎಂದೂ ಒಳಗೆ ಕರೆದಿಲ್ಲ. ಕೇಳಿದರೆ ಬಾಗಿಲ ಕಡೆ ಕೈ ತೋರಿಸುತ್ತಾರೆ, ‘ಏನು ಮಾಡುವುದು, ನಮ್ಮೂರಿನ ಬಾಗಿಲುಗಳೇ ಹೀಗೆ’ ಅನ್ನುತ್ತಾರೆ. ಬಾಗಿಲುಗಳೇ ಇಲ್ಲದಿದ್ದರೂ ಅವರು ಕರೆಯುತ್ತಿರಲಿಲ್ಲ, ಅದು ಬೇರೆ ಮಾತು. ಇನ್ನೊಂದು ರೂಢಿಯೂ ಉಂಟು. ‘ನಿನ್ನೆ ನಿಮ್ಮನೇಲಿ ಏನು ಅಡುಗೆ’ ಅಂತ ನಮ್ಮೂರಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ತಪ್ಪಿ ಕೇಳಿದರೆ ‘ಏನೋ, ಮರೆತೇ ಹೋಯ್ತು’ ಅನ್ನಬೇಕು. ಅದು ಮರ್ಯಾದೆ. ಮಕ್ಕಳಿಗೆ ಮಾತು ಬರುತ್ತಿದ್ದ ಹಾಗೇ ಕಲಿಸುತ್ತೇವೆ.

ನನ್ನ ಅಕ್ಕ ಕೆಂಪಕ್ಕ ಬಸ್‌ಸ್ಟ್ಯಾಂಡಿನಲ್ಲಿ ಮೈಕಿನವಳಾಗಿದ್ದಳು. ‘ದೊಡ್ಡಕಟ್ಟೆ, ಹುಣಸೆಕೊಪ್ಪಲು, ಮೂಗನಪಾಳ್ಯ ಮಾರ್ಗವಾಗಿ’ ಎಂದು ಒಂದೇ ಉಸಿರಿಗೆ ಊರುಗಳನ್ನು ಪೋಣಿಸುತ್ತಿದ್ದರೆ, ಮಲಗಿದ್ದ ಪ್ರಯಾಣಿಕರೂ ಎದ್ದು ಸಾಮಾನು ಎಣಿಸಿಕೊಳ್ಳುತ್ತಿದ್ದರು. ಮದುವೆ ಬೇಡವೆಂದಳು. ನನ್ನ ಮನೆಯ ಪಕ್ಕದಲ್ಲೇ ಒಂದು ಕೋಣೆ, ಒಂದು ಅಡುಗೆಮೂಲೆಯ ಮನೆ ಕಟ್ಟಿಸಿಕೊಂಡಳು. ಒಳಗೆ ಯಾರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ, ಒಡಹುಟ್ಟಿದ ನನ್ನನ್ನೂ. ಮನೆ ಕಟ್ಟಿಸಿದ ಹೊಸದರಲ್ಲಿ ಮೇಲುಬೀದಿಯ ಹೆಂಗಸರು ಬಸ್ಸಿನಲ್ಲಿ ಸೀಟು ಹಿಡಿಸಿಕೊಡು ಅಂತ ಕೇಳಲು ಬಂದು, ಕೊಟ್ಟ ನೀರು ಮುಟ್ಟದೆ ಅಂಗಳದಲ್ಲೇ ನಿಂತರಂತೆ. ‘ಒಳಗೆ ಬರದೋರು ಬರದೇ ಇರಲಿ ಬುಡು, ಬರೋರೂ ಬರೋದು ಬ್ಯಾಡ. ಎಲ್ರಿಗೂ ಒಂದೇ ಕಾನೂನು’ ಅಂದಳು. ಅಂದಿನಿಂದ ಅಂಗಳದ ಕಟ್ಟೆಯೇ ನಮಗೆ ಅವಳ ಮನೆ.

ಅಂಥವಳಿಗೆ ಮರೆವು ಶುರುವಾಯಿತು. ದೊಡ್ಡ ಮರೆವೇನಲ್ಲ. ನನ್ನ ಹೆಸರು, ಲೋಕದ ಬಸ್ಸುಗಳೆಲ್ಲ ನೆನಪಿದ್ದವು. ನಿನ್ನೆಯದು ಮಾತ್ರ ನಿಲ್ಲುತ್ತಿರಲಿಲ್ಲ. ಬಾಗಿಲ ಮುಂದೆ ನಿಂತು ‘ಹುಳ್ಳಿಕಾಳು ಬಸ್ಸಾರು’ ಅನ್ನುವಳು. ಬಾಗಿಲು ಸುಮ್ಮನೆ. ‘ಸೊಪ್ಪು ಬೇಯಿಸಿದೆ.’ ಸುಮ್ಮನೆ. ‘ಬೆಕ್ಕು ಬಂದಿತ್ತು.’ ಅದಕ್ಕೂ ಸುಮ್ಮನೆ. ಕಡೆಗೆ ಸಿಟ್ಟು ಬಂದು ಬಾಗಿಲಿಗೆ ಊರುಗಳ ಹೆಸರನ್ನೆಲ್ಲ ಕೂಗಿ ಹೇಳುವಳು, ಬೈಗುಳದ ಹಾಗೆ. ಆಮೇಲೆ ಕಟ್ಟೆಯ ಮೇಲೆ ಕೂತು ನೆನಪಿಗೆ ಕಾಯುವಳು. ಬಂದರೆ ಬಂತು, ಬಾರದಿದ್ದರೆ ನನ್ನ ಮನೆಗೆ ಬಂದು, ‘ನಿನ್ ಚಾಪೆ ಚುಚ್ತದೆ ಕಣೇ ಲಕ್ಕಿ’ ಎಂದು ಗೊಣಗುತ್ತಾ ಮಲಗುವಳು. ಮಾರನೆಯ ದಿನ ಇನ್ನೂ ಕಷ್ಟ. ಒಳಗೆ ಯಾರೂ ಇರದಿದ್ದ ಮನೆಗೆ ನಿನ್ನೆ ಎಲ್ಲಿಂದ ಬರಬೇಕು? ಸೈಕಲ್ ಶಾಪಿನ ಯೂಸುಫಣ್ಣ ಹೆಂಚು ಸರಿಸಿ ಇಳಿಸಬೇಕಿತ್ತು. ‘ಕೆಂಪಕ್ಕ, ಬಸ್ಸಿನ ಟಾಪ್ ಹತ್ತಿ ಅಭ್ಯಾಸ ಇರ್ಬೇಕು ನಿಂಗೆ’ ಅನ್ನುವನು. ‘ನಾನು ಮೈಕಿನವಳು ಕಣಪ್ಪಾ, ಹಮಾಲಿ ಅಲ್ಲ’ ಎಂದು ಮೇಲಿನಿಂದಲೇ ಉತ್ತರ ಕೊಡುವಳು.

ಇದು ನಮ್ಮ ಕೇರಿಯ ಕಥೆಯಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಪುರಸಭೆಯವರು ಊರಾಚೆ ನೆಮ್ಮದಿ ಭವನ ಅಂತ ಒಂದನ್ನು ಕಟ್ಟಿಸಿದ್ದರು. ಬಾಗಿಲು ತೆರೆಯಲಾಗದ ವಯಸ್ಸಾದವರಿಗಾಗಿ ಕಟ್ಟಿದ್ದು, ಅದಕ್ಕೇ ಅಲ್ಲಿ ಬಾಗಿಲುಗಳೇ ಇಲ್ಲ. ಸಾಲಾಗಿ ಕಮಾನುಗಳು, ಸಾಲಾಗಿ ಮಂಚಗಳು. ಯಾರು ಬೇಕಾದರೂ ಬರಬಹುದು, ನೋಡಬಹುದು, ಹೊದಿಕೆ ಎತ್ತಿಕೊಂಡು ಹೋಗಬಹುದು. ಅಧ್ಯಕ್ಷರು ಟೇಪು ಕತ್ತರಿಸಿದ ದಿನದಿಂದ ಅಲ್ಲಿ ಗಾಳಿ ಬಿಟ್ಟು ಬೇರೆ ಯಾರೂ ವಾಸಕ್ಕೆ ಹೋಗಿರಲಿಲ್ಲ. ಕಟ್ಟಿಸಿದ ಮೇಲೆ ತುಂಬಿಸಬೇಕಲ್ಲ. ಅರವತ್ತು ದಾಟಿದವರೆಲ್ಲ ಕಂಪ್ಯೂಟರಿನ ಮುಂದೆ ಕೂತು ನೆನಪಿನ ತರಬೇತಿ ಪಡೆಯಬೇಕು, ಕೊನೆಗೆ ಪರೀಕ್ಷೆ ಕೊಡಬೇಕು, ಪರದೆಯ ಮೇಲೆ ಹಸಿರು ಬಂದವರು ಅವರವರ ಮನೆಗೆ, ಕೆಂಪು ಬಂದವರು ನೆಮ್ಮದಿ ಭವನಕ್ಕೆ ಎಂದು ಡಂಗುರ ಹೊಡೆಸಿದರು.

ನಾವು ಕೇರಿಯ ಕೆಲವರು ವಾರಕ್ಕೊಮ್ಮೆ ಯೂಸುಫಣ್ಣನ ಶಾಪಿನಲ್ಲಿ ಸೇರಿ ಓದುತ್ತಿದ್ದೆವು. ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ನಡುನಡುವೆ ತಕರಾರು ತೆಗೆಯುವುದು. ಆ ವಾರ ಪುಸ್ತಕ ಬಿಟ್ಟು ಡಂಗುರದ ಮೇಲೇ ತಕರಾರು ತೆಗೆದೆವು. ಮನೆಯಿಂದ ಎಬ್ಬಿಸುವುದನ್ನು ನೆಮ್ಮದಿ ಅನ್ನುತ್ತಾರಲ್ಲ, ಇವರ ನಾಲಿಗೆಗೆ ಮೂಳೆಯಿಲ್ಲ ಸರಿ, ನಾಚಿಕೆಯೂ ಇಲ್ಲವೇ ಅಂದೆ ನಾನು. ಬರೆದು ಕೊಟ್ಟೆವು, ಘೋಷಣೆ ಕೂಗಿದೆವು. ಕೆಂಪಕ್ಕ ಮಾತ್ರ, ‘ನೀವು ಕೂಗ್ತಾ ಇರಿ. ನಾನು ಆ ಕಂಪ್ಯೂಟ್ರು ಹೆಂಗದೆ ನೋಡ್ಕಂಡ್ ಬತ್ತೀನಿ’ ಎಂದು ಹೋಗಿಯೇಬಿಟ್ಟಳು.

ಹಳೆಯ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೇಜು ಹಾಕಿ ಕಂಪ್ಯೂಟರ್ ಜೋಡಿಸಿದ್ದರು. ಕಲಿಸಲು ಬೇರೆ ಊರಿನಿಂದ ಫಿಲೋಮಿನಾ ಅನ್ನುವ ಹುಡುಗಿ ಬಂದಿದ್ದಳು. ಎಲ್ಲರೂ ಮಿಸ್ ಅನ್ನುತ್ತಿದ್ದರು. ಲಾಡ್ಜಿನಲ್ಲಿ ಉಳಿದುಕೊಂಡಿದ್ದಳು. ‘ನಿನ್ನೆ ಸೊಳ್ಳೆ ಕಿವಿಯೊಳಗೇ ಹೋಗಿತ್ತು’ ಎಂದು ರೂಮಿನ ಬಾಗಿಲಿಗೆ ಹೇಳಿ ಒಳಗೆ ಹೋಗುವುದನ್ನು ಎರಡೇ ದಿನದಲ್ಲಿ ಕಲಿತಿದ್ದಳು. ಆಟಗಳು ಬಗೆಬಗೆಯವು. ಮಗುಚಿಟ್ಟ ಚಿತ್ರಗಳಲ್ಲಿ ಜೋಡಿ ಹುಡುಕುವುದು ಒಂದು. ಕೊಳದಲ್ಲಿ ಮುಳುಗಿದ ಬಾತುಕೋಳಿ ಎಲ್ಲಿ ಏಳುತ್ತದೆಂದು ಬೆರಳಿಡುವುದು ಇನ್ನೊಂದು. ಪೇಟೆ ಆಟದಲ್ಲಿ ಕಂಪ್ಯೂಟರು ಸಾಮಾನುಗಳ ಹೆಸರು ಹೇಳುತ್ತದೆ, ಅದೇ ಸಾಲಿನಲ್ಲಿ ನಾವು ಆರಿಸಬೇಕು. ಅದರಲ್ಲಿ ಕೆಂಪಕ್ಕನನ್ನು ಹಿಡಿಯುವವರಿಲ್ಲ. ಬೆಲ್ಲ, ಬತ್ತಿ, ಬಾಚಣಿಗೆ, ಬದನೆಕಾಯಿ ಎಂದು ಬಸ್ಸಿನ ಊರುಗಳ ಹಾಗೆ ರಾಗವಾಗಿ ಹೇಳಿಕೊಂಡು ಒತ್ತುತ್ತಾ ಹೋಗುವಳು. ಪರದೆಯ ಮೇಲೆ ಪಟಾಕಿ ಸಿಡಿಯುವುದು. ಮೇಲುಬೀದಿಯ ಮುದುಕರು ತಮ್ಮ ಆಟ ಬಿಟ್ಟು ಅವಳ ಹಿಂದೆ ನಿಂತು ನೋಡುವರು. ‘ನೂಕ್ಬೇಡಿ ಸ್ವಾಮಿ, ಸೀಟ್ ಐತೆ ಎಲ್ರಿಗೂ’ ಅನ್ನುವಳು.

ಇಷ್ಟು ಗೆದ್ದು ಸಂಜೆ ಮನೆಗೆ ಬಂದರೆ ಬಾಗಿಲು ಮೊದಲಿನ ಹಾಗೇ ಬಾಯಿ ಮುಚ್ಚಿಕೊಂಡಿರುತ್ತಿತ್ತು. ‘ನಿನ್ನೆ ಬಾತುಕೋಳಿ ಎಲ್ಲಾ ಹಿಡಿದೆ’ ಎಂದರೆ ಅದು ಮನೆಯೊಳಗೆ ನಡೆದದ್ದಲ್ಲ. ನಾನು ಮಿಸ್ಸನ್ನೇ ಕೇಳಿದೆ. ‘ಮಿಸ್, ನಮ್ಮಕ್ಕಂಗೆ ಪೇಟೆ ಸಾಮಾನೆಲ್ಲಾ ಗ್ಯಾಪಕ ಇರ್ತದೆ, ನಿನ್ನೆ ಉಂಡದ್ದು ಇರಲ್ಲ. ಇದೆಂಥಾ ತರಬೇತಿ?’

ಅವಳು ಸುಳ್ಳು ಹೇಳಲಿಲ್ಲ. ‘ಆಟ ಆಡಿದ್ರೆ ಆಟ ಚೆನ್ನಾಗಿ ಬರುತ್ತೆ ಆಂಟಿ. ಸ್ವಲ್ಪ ಗಮನ ಕೂಡುತ್ತೆ, ನಾಲ್ಕು ಜನರ ಜೊತೆ ಕೂತು ಮನಸ್ಸಿಗೆ ಗೆಲುವು ಬರುತ್ತೆ. ಇದರಿಂದ ಬಾಗಿಲು ತೆರೆಯುತ್ತೆ ಅಂತ ನಾನು ಯಾರಿಗೂ ಹೇಳಿಲ್ಲ.’

‘ತೆರೀತದೆ ಅಂತ ಹೊರಗಡೆ ಬೋರ್ಡಲ್ಲಿ ಬರೆದದೆಯಲ್ಲ.’

‘ಬೋರ್ಡು ಪುರಸಭೆಯವರದು’ ಅಂದಳು.

ಪರೀಕ್ಷೆಯ ದಿನ ಬಂತು. ಅಧ್ಯಕ್ಷರಿಗೂ ಅರವತ್ತು ದಾಟಿತ್ತು. ಫೋಟೋ ತೆಗೆಸಿಕೊಳ್ಳಲಿಕ್ಕೆ ಮೊದಲು ತಾವೇ ಕೂತರು. ಪರೀಕ್ಷೆಯನ್ನು ಎಲ್ಲೋ ದೂರದ ಊರಿನವರು, ಬೀಗ ಕೀಲಿಯ ಜನ, ಸಿದ್ಧ ಮಾಡಿ ಕಳಿಸಿದ್ದರು. ಅದರಲ್ಲಿ ಬಾತುಕೋಳಿಯಿಲ್ಲ, ಪೇಟೆಯಿಲ್ಲ. ಮೊದಲನೆಯ ಪ್ರಶ್ನೆಯನ್ನೇ ಕಂಪ್ಯೂಟರು ಎಲ್ಲರಿಗೂ ಕೇಳುವ ಹಾಗೆ ಓದಿತು: ‘ನಿನ್ನೆ ನಿಮ್ಮ ಮನೆಯಲ್ಲಿ ಏನು ಅಡುಗೆ ಮಾಡಿದ್ದರು?’

ಸಭೆಯೆಲ್ಲ ತಲೆ ತಗ್ಗಿಸಿತು. ಅಧ್ಯಕ್ಷರು ಕೆಮ್ಮಿದರು, ಶಾಲು ಸರಿಮಾಡಿಕೊಂಡರು. ಆಮೇಲೆ ದೊಡ್ಡ ಮನುಷ್ಯರ ನಗು ನಕ್ಕು, ‘ಏನೋ, ಮರೆತೇ ಹೋಯ್ತು’ ಅಂದರು. ಮುಂದಿನ ಪ್ರಶ್ನೆ, ಉಂಡವರು ಯಾರ್‍ಯಾರು? ಮರೆತೇ ಹೋಯ್ತು. ಉಂಡಮೇಲೆ ಮನೆಯಲ್ಲಿ ಏನು ಮಾಡಿದಿರಿ? ಅದೂ ಮರೆತೇ ಹೋಯ್ತು. ಪರದೆ ಕೆಂಪಾಯಿತು. ಆಮೇಲೆ ಕೂತವರೆಲ್ಲ ಅಧ್ಯಕ್ಷರಿಗಿಂತ ಮರ್ಯಾದಸ್ಥರು. ಮೇಲುಬೀದಿಯ ಶಾಸ್ತ್ರಿಗಳು, ಅಕ್ಕಿ ಗಿರಣಿಯ ಯಜಮಾನರು, ನಮ್ಮ ಕೇರಿಯ ಮುದುಕಿಯರು, ಎಲ್ಲರೂ ಒಂದೇ ಪಾಠ. ಕೆಂಪು, ಕೆಂಪು, ಕೆಂಪು. ಫಿಲೋಮಿನಾಗೆ ಗಾಬರಿ. ನಿನ್ನೆ ಸಂಜೆ ಬಾತುಕೋಳಿ ಹಿಡಿದವರೆಲ್ಲ ಬೆಳಗಾಗುವಷ್ಟರಲ್ಲಿ ಹೀಗಾದರಲ್ಲ ಎಂದು ಪ್ಲಗ್ಗು ತೆಗೆದು ಮತ್ತೆ ಹಾಕಿ ನೋಡಿದಳು.

ಕೆಂಪಕ್ಕನ ಸರದಿ ಬಂತು. ಅವಳಿಗೆ ನಿನ್ನೆಯದು ನಿಜವಾಗಿ ನೆನಪಿರಲಿಲ್ಲ. ನೆನಪೇ ಇಲ್ಲದ್ದನ್ನು ಮುಚ್ಚಿಡುವ ಅಗತ್ಯವೂ ಅವಳಿಗೆ ಕಾಣಲಿಲ್ಲ. ‘ಕೋಳಿ ಸಾರು, ಮುದ್ದೆ, ಮೇಲೊಂದು ಬಟ್ಲು ಪಾಯಸ’ ಎಂದು ಮೈಕಿನ ದನಿಯಲ್ಲಿ ಹೇಳಿದಳು. ಉಂಡವರು ಯಾರು? ‘ನಾನು, ನನ್ ತಂಗಿ, ಮುಕ್ಕಾಲು ಬಸ್ಸು ಜನ.’ ಉಂಡಮೇಲೆ? ‘ಎಲೆ ಅಡಿಕೆ ಹಾಕ್ಕಂಡು ಪದ ಹೇಳಿದ್ವಿ.’ ನಿನ್ನೆ ಅವಳು ನನ್ನ ಮನೆಯಲ್ಲಿ ಗಂಜಿ ಕುಡಿದು ಮಲಗಿದ್ದಳು. ಕಂಪ್ಯೂಟರಿಗೆ ಅದೆಲ್ಲಿ ಗೊತ್ತು? ತಡವರಿಸದೆ ಹೇಳಿದಳಲ್ಲ, ಪರದೆ ಹಸಿರಾಗಿ ಚಪ್ಪಾಳೆ ತಟ್ಟಿತು.

ಊರಿಗೆಲ್ಲ ಅವಳೊಬ್ಬಳೇ ಹಸಿರು. ಅಧ್ಯಕ್ಷರು ಮಾರುಕಟ್ಟೆಯಲ್ಲೇ ಕೂಗಾಡಿದರು. ‘ನಾನು ಮರ್ಯಾದೆಗೆ ಹೇಳಿದ್ದಮ್ಮ ಅದು. ನನಗೆ ಮರೆವೇ?’ ಫಿಲೋಮಿನಾ, ‘ಕಂಪ್ಯೂಟರಿಗೆ ನೀವು ಹೇಳಿದ್ದಷ್ಟೇ ಗೊತ್ತಾಗೋದು ಸರ್’ ಅಂದಳು. ಯೂಸುಫಣ್ಣ ಹಿಂದಿನಿಂದ, ‘ಭವನದಲ್ಲಿ ಗಾಳಿ ಕಡೆ ಮಂಚ ನಿಮಗೇ ಇಡ್ಸೋಣ ಬುಡಿ ಸ್ವಾಮಿ’ ಅಂದ. ಜನ ನಕ್ಕರು. ಆ ನಗು ಅವರನ್ನು ಚುಚ್ಚಿರಬೇಕು. ‘ಈ ಯಂತ್ರ ತಪ್ಪು ಅಂತ ನಾನು ತೋರಿಸ್ತೀನಿ. ನಾಳೆ ಬೆಳಿಗ್ಗೆಯಿಂದ ಬಾಗಿಲ ಪರೀಕ್ಷೆ, ಎಲ್ಲರ ಎದುರಿಗೆ. ಮೊದಲು ಈ ಹಸಿರು ಕೆಂಪಮ್ಮನ ಬಾಗಿಲು. ಅದು ತೆರೆಯದಿದ್ದರೆ ನಿಂತ ಕಾಲಲ್ಲೇ ಭವನಕ್ಕೆ’ ಎಂದು ಆಜ್ಞೆ ಮಾಡಿ ಹೊರಟರು. ಯಂತ್ರದ ಮೇಲಿನ ಸಿಟ್ಟು ನಮ್ಮ ಅಕ್ಕನ ಮನೆಯ ಮೇಲೆ ಬಂದು ಬಿತ್ತು.

ಯೂಸುಫಣ್ಣ ಹೆಂಚಿನ ದಾರಿಯಲ್ಲಿ ಅವಳನ್ನು ಮನೆಯೊಳಗೆ ಇಳಿಸಿದ. ಅವಳು ಒಳಗಿನಿಂದ ಬಾಗಿಲು ತೆರೆದು ಹೊಸ್ತಿಲ ಮೇಲೆ ಕೂತಳು. ನಾವು ಕಟ್ಟೆಯ ಮೇಲೆ. ‘ಅಕ್ಕ, ಇದೊಂದು ದಿನ ನಮ್ಮನ್ನ ಒಳಕ್ಕೆ ಬುಡು. ಉಂಡು ಹೋಯ್ತೀವಿ. ನಾಳೆ ನಿಂಗೆ ಬರದಿದ್ರೆ ನಾವಾದ್ರೂ ಹೇಳ್ತೀವಿ’ ಅಂದೆ.

‘ಬ್ಯಾಡ.’

‘ಭವನಕ್ಕೆ ಹೋಯ್ತೀಯಾ ಹಂಗಾರೆ?’

‘ಹೋಗಲ್ಲ.’

‘ಮತ್ತೆ?’

‘ನಾಳಿಕ್ಕೆ ಗ್ಯಾಪಕ ಇರ್ತದೆ ಬುಡು’ ಅಂದಳು. ಹೇಳಿದ ದನಿಯಲ್ಲಿ ಅವಳಿಗೇ ನಂಬಿಕೆಯಿರಲಿಲ್ಲ. ಆಮೇಲೆ ಬಾಗಿಲ ಚೌಕಟ್ಟನ್ನು ಸವರುತ್ತಾ, ‘ಲಕ್ಕಿ, ಹುಟ್ಟಿದಾಗಿಂದ ಸಾಲಲ್ಲಿ ನಿಂತಿದ್ದೀನಿ, ಸಾಲಲ್ಲಿ ಮಲಗಿದ್ದೀನಿ. ಇದೊಂದೇ ಕಣೇ ನಾನು ಹಾಕ್ಕೋಬೋದಾದ ಬಾಗ್ಲು’ ಅಂದಳು. ಯೂಸುಫಣ್ಣ ಮುಖ ತಿರುಗಿಸಿ ಬೆರಳಿಗೆ ಅಂಟಿದ್ದ ಸೈಕಲ್ ಚೈನಿನ ಕರಿಯನ್ನು ತಿಕ್ಕುತ್ತಾ ಕೂತ.

ಅಷ್ಟರಲ್ಲಿ ಫಿಲೋಮಿನಾ ಬೆವರಿಕೊಂಡು ಬಂದಳು. ಅವಳಿಗೆ ಯಾರೋ ಅಷ್ಟುಹೊತ್ತಿಗೆ ನಮ್ಮೂರಿನ ಮರ್ಯಾದೆಯನ್ನು ವಿವರಿಸಿದ್ದರು. ‘ಮೊದಲೇ ಹೇಳಬಾರದಿತ್ತಾ ನನಗೆ? ಆ ಪ್ರಶ್ನೆ ತೆಗೆಸುತ್ತಿದ್ದೆ. ನನ್ನಿಂದ ಹೀಗಾಯ್ತು ಕೆಂಪಕ್ಕ’ ಎಂದು ಅಳುವ ಹಾಗಾದಳು. ‘ಒಂದು ಲೋಟ ನೀರು ಕುಡಿತೀನಿ’ ಅಂದವಳು ಕೆಂಪಕ್ಕನ ಪಕ್ಕದಲ್ಲಿ ಹಾದು ಹೊಸ್ತಿಲು ದಾಟಿ ಒಳಗೇ ಹೋಗಿಬಿಟ್ಟಳು. ಹೊರಗಿನವಳು, ಕರೆಯದೆ ಹೋಗಬಾರದು ಅನ್ನುವುದು ಗೊತ್ತಿಲ್ಲ. ಒಳಗೆ ಮಡಕೆಯ ಮುಚ್ಚಳ ತೆಗೆದ ಸದ್ದು, ಗಟಗಟ ಕುಡಿದ ಸದ್ದು, ಮತ್ತೊಂದು ಲೋಟ ತುಂಬಿದ ಸದ್ದು. ಕೆಂಪಕ್ಕ ಬಹಳ ಹೊತ್ತು ಆ ಸದ್ದನ್ನೇ ಕೇಳುತ್ತಾ ಕೂತಿದ್ದಳು. ಅವಳ ಮನೆಯಲ್ಲಿ ಬೇರೆಯವರು ನೀರು ಕುಡಿದದ್ದು ಅದೇ ಮೊದಲು.

‘ತಣ್ಣಗದೇನವ್ವಾ?’ ಎಂದು ಕೇಳಿದಳು.

‘ತುಂಬಾ’ ಅಂದಳು ಅವಳು ಒಳಗಿನಿಂದ.

ಕೆಂಪಕ್ಕ ಎದ್ದಳು. ‘ಇನ್ನೇನ್ ನೋಡ್ತಾ ಕೂತಿದ್ದೀರಾ? ಕಾಲು ತೊಳ್ಕಂಡು ಬನ್ನಿ’ ಅಂದಳು.

ಅಂದು ಕೇರಿಯೇ ಒಳಗೆ ಹೋಯಿತು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟು ಜಾಗ. ಯೂಸುಫಣ್ಣ ಅವಳ ಹಳೆಯ ಕುರ್ಚಿಯ ಮೇಲೆ ಕೂತದ್ದೇ ಒಂದು ಕಾಲು ಮುರಿದು ನೆಲಕ್ಕೆ ಬಿದ್ದ. ಉಪ್ಸಾರಿನ ಖಾರಕ್ಕೆ ಮಿಸ್ಸಿನ ಮೂಗು ಸೋರಿತು. ನಾನು ಮುದ್ದೆ ಕಟ್ಟಿದರೆ, ‘ಇದೇನು ಮುದ್ದೆನೋ ಸಗಣಿ ಉಂಡೆನೋ’ ಎಂದು ಕೆಂಪಕ್ಕ ಕಿತ್ತುಕೊಂಡು ಮತ್ತೆ ಕಟ್ಟಿದಳು. ಬೆಳಕಿರುವಾಗಲೇ ಎಲ್ಲರೂ ಅವರವರ ಮನೆಗೆ ಹೊರಟೆವು.

ಬೆಳಿಗ್ಗೆ ಅಧ್ಯಕ್ಷರು ಸದಸ್ಯರನ್ನು, ಮೇಲುಬೀದಿಯ ಅರ್ಧ ಜನರನ್ನು ಕಟ್ಟಿಕೊಂಡು ಬಂದರು. ಒಂದು ಗಾಡಿಯೂ ಬಂದಿತ್ತು, ಹಾಸಿಗೆ ಸುತ್ತಿ ಹಾಕಲಿಕ್ಕೆ. ಕೆಂಪಕ್ಕ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ತಿರುಗಿ ಅದರ ಎದುರಿಗೆ ನಿಂತಳು.

‘ಅವರೆಕಾಳು ಹುರಿದೆ’ ಅಂದಳು. ಬಾಗಿಲು ಸುಮ್ಮನಿತ್ತು. ‘ಸೀರೆ ಒಗೆದು ಒಳಗೇ ಹರವಿದ್ದೆ.’ ಸುಮ್ಮನೆ. ಅಧ್ಯಕ್ಷರು ಮಿಸ್ಸಿನ ಕಡೆ ನೋಡಿ ಹುಬ್ಬು ಹಾರಿಸಿದರು. ಗಾಡಿಯವನು ಹಿಂದಿನ ಪಟ್ಟಿ ಬಿಚ್ಚಿದ.

ನನ್ನ ನಾಲಿಗೆಯ ತುದಿಗೆ ಕುರ್ಚಿಯ ಕಾಲು, ಮುದ್ದೆ ಎಲ್ಲ ಬಂದು ನಿಂತಿತ್ತು. ಆದರೆ ಇನ್ನೊಬ್ಬರ ಮನೆಯ ನಿನ್ನೆಯನ್ನು ಬೀದಿಯಲ್ಲಿ ಕೂಗುವುದಕ್ಕಿಂತ ದೊಡ್ಡ ಕೇಡು ನಮ್ಮೂರಲ್ಲಿಲ್ಲ. ಮೇಲುಬೀದಿಯವರು ಕಿವಿ ನೆಟ್ಟಗೆ ಮಾಡಿ ನಿಂತಿದ್ದಾರೆ. ಅವಳು ಅನ್ನದೆ ನಾವು ಬಾಯಿ ಬಿಡುವ ಹಾಗಿಲ್ಲ. ಕೆಂಪಕ್ಕ ಮೂರನೆಯ ಮಾತಿಗೆ ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ನಿಧಾನವಾಗಿ ನಮ್ಮ ಕಡೆ ತಿರುಗಿದಳು.

‘ನನ್ ಮನೇಲಿ ಉಂಡೋರು ಯಾರ್‍ಯಾರು ಇದ್ದೀರೋ, ಹೇಳಿ’ ಅಂದಳು. ‘ಜೋರಾಗೇ ಹೇಳಿ. ಇವರೂ ಕೇಳಿಸ್ಕೊಳ್ಳಲಿ.’

‘ಕುರ್ಚಿ ಮುರಿದೆ’ ಅಂದ ಯೂಸುಫಣ್ಣ. ‘ನಾನು ಮಡಕೆ ನೀರೆಲ್ಲಾ ಖಾಲಿ ಮಾಡಿದೆ’ ಅಂದಳು ಫಿಲೋಮಿನಾ. ‘ನನ್ ಮುದ್ದೆನ ಸಗಣಿ ಅಂದ್ಲು’ ಎಂದೆ ನಾನು. ಆಮೇಲೆ ಯಾರ ಮಾತು ಯಾರದೆಂದು ತಿಳಿಯಲಿಲ್ಲ. ಉಪ್ಪಿನ ಡಬ್ಬಿ ಉರುಳಿದ್ದು, ಸಾರಿನಲ್ಲಿ ಕಲ್ಲು ಸಿಕ್ಕಿದ್ದು, ಒಬ್ಬಳ ಸೆರಗು ಇನ್ನೊಬ್ಬಳ ತಟ್ಟೆಗೆ ಬಿದ್ದದ್ದು, ಇಡೀ ಕೇರಿ ಗಂಟಲು ಹರಿಯುವ ಹಾಗೆ ಕೂಗಿತು. ಬಾಗಿಲು ದಡಾರನೆ ತೆರೆದು ಗೋಡೆಗೆ ಬಡಿಯಿತು.

‘ಇದು ನಡೆಯಲ್ಲ. ಹೇಳಬೇಕಾದ್ದು ಕೆಂಪಮ್ಮ’ ಅಂದರು ಅಧ್ಯಕ್ಷರು.

‘ಬಾಗಿಲಿಗೇ ಇಲ್ಲದ ತಕರಾರು ನಿಮಗ್ಯಾಕೆ ಸ್ವಾಮಿ?’ ಅಂದೆ. ‘ತೆಗೀತಲ್ಲ. ಮುಂದಿನ ಬಾಗಿಲು ನಿಮ್ಮದು. ಮೊದಲು ಕೆಂಪು ಬಂದದ್ದು ನಿಮಗೇ. ನಡೀರಿ, ನಾವೂ ಬರ್ತೀವಿ. ನಿಮ್ಮ ಮನೆ ನಿನ್ನೆ ಏನು ಅಂತ ನಮ್ಮ ಕೇರಿಯೋರ ಎದುರಿಗೆ ಜೋರಾಗಿ ಹೇಳೋರಂತೆ.’

ಅವರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಅಷ್ಟು ಜನ ಸಂಜೆಯ ತನಕ ತಮ್ಮ ಮನೆಯ ಬಾಗಿಲು ತೆರೆಯಬಲ್ಲವರಾಗುವುದನ್ನು ಊಹಿಸಿಕೊಂಡಿರಬೇಕು. ‘ಇವತ್ತು ಮೀಟಿಂಗ್ ಇದೆ’ ಅಂದರು. ಗಾಡಿ ಖಾಲಿ ವಾಪಸ್ಸಾಯಿತು. ಬಾಗಿಲ ಪರೀಕ್ಷೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಕಂಪ್ಯೂಟರುಗಳು ಮಾರುಕಟ್ಟೆಯಲ್ಲೇ ಇವೆ. ಮಿಸ್ ಆ ಪರೀಕ್ಷೆಯನ್ನು ಅಳಿಸಿ ಹಾಕಿದಳು, ಬಾತುಕೋಳಿಗಳನ್ನು ಉಳಿಸಿಕೊಂಡಳು. ಬೇಕಾದವರು ಹೋಗಿ ಆಡುತ್ತಾರೆ.

ಅಂದಿನಿಂದ ಸರದಿಯ ಮೇಲೆ ಕೆಂಪಕ್ಕನ ಮನೆಯಲ್ಲಿ ಊಟ. ದಿನವೂ ಇಬ್ಬರೋ ಮೂವರೋ ಹೋಗುತ್ತೇವೆ, ಮಾರನೆಯ ದಿನ ಅವಳಿಗಾಗಿ ಬಾಗಿಲಿಗೆ ಹೇಳುತ್ತೇವೆ. ಅವಳು ನೆಮ್ಮದಿಯಾಗಿದ್ದಾಳೆ ಅಂತ ನೀವು ತಿಳಿದರೆ ತಪ್ಪು. ‘ಇದೇನು ಮನೇನೋ ಬಸ್‌ಸ್ಟ್ಯಾಂಡೋ’ ಎಂದು ಬೈಯುತ್ತಲೇ ಇರುತ್ತಾಳೆ. ನಾವು ಬೈಸಿಕೊಳ್ಳುತ್ತಲೇ ಇರುತ್ತೇವೆ.

ಮೊನ್ನೆ ಸಂಜೆ ಮಾರುಕಟ್ಟೆಯಿಂದ ಅವಳನ್ನು ಕರೆದುಕೊಂಡು ಬಂದೆವು. ನನ್ನ ಕೈಯಲ್ಲಿ ಬಸ್ಸಾರಿನ ಪಾತ್ರೆ, ಯೂಸುಫಣ್ಣನ ಕೈಯಲ್ಲಿ ಮುದ್ದೆಯ ಬುಟ್ಟಿ. ಹಿಂದಿನ ದಿನದ ಸರದಿ ನನ್ನದಾಗಿತ್ತು. ಬಾಗಿಲಿಗೆ ಹೇಳಲು ಬಾಯಿ ತೆರೆದೆ. ‘ತಾಳು’ ಎಂದು ಅವಳು ಕೈ ಅಡ್ಡ ಹಿಡಿದಳು. ಬಾಗಿಲ ಹತ್ತಿರ ಹೋಗಿ, ಸೆರಗನ್ನು ಬಾಯಿಗೆ ಮರೆ ಮಾಡಿಕೊಂಡು ಏನೋ ಪಿಸುಗುಟ್ಟಿದಳು. ಒಂದೇ ಮಾತು. ಬಾಗಿಲು ಸದ್ದಿಲ್ಲದೆ ತೆರೆಯಿತು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹಿಂದಿನ ದಿನ ನಾನು ಅಲ್ಲಿದ್ದಷ್ಟು ಹೊತ್ತು ಬಾಗಿಲಿಗೆ ಅಷ್ಟು ಗುಟ್ಟಾಗಿ ಹೇಳುವಂಥದ್ದು ಏನೂ ನಡೆದಿರಲಿಲ್ಲ. ‘ನೀನು ಉಂಡು ಎದ್ದು ಬಂದ್ಮೇಲೆ ಏನೋ ಆಗದೆ’ ಅಂದ ಯೂಸುಫಣ್ಣ ಮೆಲ್ಲಗೆ.

‘ಏನಕ್ಕ ಅದು?’ ಅಂದೆ.

ಅವಳು ಒಳಗೆ ಹೋಗಿ ನಮ್ಮ ಮುಖಕ್ಕೇ ಬಾಗಿಲು ಹಾಕಿಕೊಂಡಳು. ನಾವು ಪಾತ್ರೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೆವು, ಆಮೇಲೆ ಕಟ್ಟೆಯ ಮೇಲೆ ಕೂತು ಸಾರು ಬಗ್ಗಿಸಿಕೊಂಡೆವು. ಎರಡು ತುತ್ತು ಉಂಡಿರಲಿಲ್ಲ, ಕಿಟಕಿ ಅರ್ಧ ತೆರೆಯಿತು. ಒಂದು ತಟ್ಟೆ ಹೊರಗೆ ಬಂತು.

‘ನನ್ ಪಾಲು ಇತ್ಲಾಗೆ ಹಾಕಿ’ ಅಂದಳು. ‘ಮುದ್ದೆ ದೊಡ್ಡದಿರಲಿ.’